ಸ್ಟೂವರ್ಡ್‌ನಿಂದ ಬಾರ್‌ಟೆಂಡರ್: ಬಳ್ಳಾರಿಯಲ್ಲಿ ನಾನು ಕಲಿತ ಕೌಂಟರ್ ಭಾಷೆ

ಹೋದ ವಾರ ಕನ್ಫರ್ಮೇಷನ್ ಲೆಟರ್ ಕೈಗೆ ಬಂತು. ಈಗ ನಾನು ಬಳ್ಳಾರಿಯ ಒಂದು ಹೋಟೆಲಿನಲ್ಲಿ ಬಾರ್‌ಟೆಂಡರ್. ಇದೇ ಊರಿನ ಇನ್ನೊಂದು ಕಡೆ ಸ್ಟೂವರ್ಡ್ ಆಗಿ ಪ್ಲೇಟು ಒಯ್ಯುತ್ತಿದ್ದವನು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಬೇಸಿಗೆ ಪೂರ್ತಿ, ಮಳೆಗಾಲದ ಬಹುಪಾಲು ಕಳೆಯಿತು. ಕಾಗದ ಪತ್ರಗಳ ಓಡಾಟ ಒಂದು ಕಡೆ, ಬಾರಿನ ಇಂಗ್ಲಿಷ್ ಪದಗಳ ಕಾಟ ಇನ್ನೊಂದು ಕಡೆ. ಎರಡರ ಬಗ್ಗೆಯೂ ಕನ್ನಡದಲ್ಲಿ ಹೇಳುವವರು ನನಗೆ ಸಿಗಲಿಲ್ಲ. ವಿಡಿಯೊ ಹುಡುಕಿದರೆ ಬಾಟಲಿ ಗಾಳಿಗೆ ಎಸೆದು ಹಿಡಿಯುವುದನ್ನೇ ತೋರಿಸುತ್ತಾರೆ. ಕೆಲಸದಲ್ಲಿ ಅದನ್ನು ಇವತ್ತಿನವರೆಗೂ ಯಾರೂ ನನಗೆ ಕೇಳಿಲ್ಲ. ಈ ದಾರಿಯಲ್ಲಿ ಬರುವ ಹುಡುಗ ಹುಡುಗಿಯರಿಗೆ ಸ್ವಲ್ಪ ಸುಲಭ ಆಗಲಿ ಅಂತ ಬರೆಯುತ್ತಿದ್ದೇನೆ. ಕುಡಿಯಲು ಕಲಿಸುವ ಬರಹ ಅಲ್ಲ ಇದು. ನಾನೇ ಕುಡಿಯುವುದಿಲ್ಲ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಬಾರ್‌ಗಳಿಗೆ ಬರ ಇಲ್ಲ. ಆದರೆ ಸಾಮಾನ್ಯ ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ, ಅಂದರೆ ಸಿಎಲ್-9 ಲೈಸೆನ್ಸ್ ಇರುವ ಕಡೆ, ಕಾಕ್‌ಟೇಲ್, ಅಂದರೆ ಮದ್ಯಕ್ಕೆ ಬೇರೆ ಬೇರೆ ಪದಾರ್ಥ ಬೆರೆಸಿ ಮಾಡುವ ಡ್ರಿಂಕ್, ಕೇಳುವವರು ಕಡಿಮೆ. ಅಲ್ಲಿ ನಡೆಯುವುದು ನೈಂಟಿ, ಕ್ವಾರ್ಟರ್, ಬೀರು, ಸೋಡಾ, ಶೇಂಗಾ. ಕಾಕ್‌ಟೇಲ್ ಬೇಕು ಅನ್ನುವ ಗಿರಾಕಿ ಬರುವುದು ರೂಮು ಇರುವ ಹೋಟೆಲ್‌ಗಳಿಗೆ. ಅವಕ್ಕೆ ಸಿಎಲ್-7 ಲೈಸೆನ್ಸ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದು ಹೋಗುವ ಎಂಜಿನಿಯರ್‌ಗಳು, ಹಂಪಿ ನೋಡಲು ಬಂದವರು, ದೊಡ್ಡ ಮದುವೆಗಳ ನೆಂಟರು. ಈ ಕೆಲಸ ಬೇಕಾದವರು ಅರ್ಜಿ ಹಾಕಬೇಕಾದದ್ದು ಅಂಥ ಕಡೆಯೇ.

ಬೆಂಗಳೂರಿಗೆ ಹೋಗಿ ಖಾಸಗಿ ಕೋರ್ಸ್ ಮಾಡಲೇ ಅಂತ ನಾನೂ ಯೋಚಿಸಿದ್ದೆ. ಫೋನ್ ಮಾಡಿ ಕೇಳಿದ ಕಡೆ ಫೀಸು ಐವತ್ತು ಸಾವಿರದ ಮೇಲೆಯೇ ಹೇಳಿದರು. ಅದರ ಮೇಲೆ ಅಲ್ಲಿನ ರೂಮು, ಊಟ. ಹಂಪಿ ಎಕ್ಸ್‌ಪ್ರೆಸ್ ಹತ್ತುವ ಆಸೆಯನ್ನು ಅಲ್ಲಿಗೇ ಬಿಟ್ಟೆ. ಇಲ್ಲೇ ಬಾರ್ ಟ್ರೈನಿ ಆಗಿ ಸೇರಿದರೆ ಫೀಸು ಇಲ್ಲ, ಸಂಬಳ ಸ್ಟೂವರ್ಡ್‌ನಷ್ಟೇ. ಆದರೆ ಟಿಪ್ಸ್ ಇಲ್ಲ. ಟ್ರೈನಿಂಗ್ ಮುಗಿಯುವ ತನಕ ಟಿಪ್ಸ್ ಡಬ್ಬಿಯಲ್ಲಿ ನಮಗೆ ಪಾಲು ಕೊಡುವುದಿಲ್ಲ. ಇದನ್ನು ಲೆಕ್ಕ ಹಾಕಿಯೇ ಬನ್ನಿ. ನನಗೆ ಪಾರ್ವತಿನಗರದ ರೂಮಿನ ಬಾಡಿಗೆಯ ಅರ್ಧ ಟಿಪ್ಸ್‌ನಲ್ಲೇ ಹೊಂದುತ್ತಿತ್ತು. ಟ್ರೈನಿಂಗ್ ಸಮಯದಲ್ಲಿ ಕೈ ಬಹಳ ಬಿಗಿಯಾಯಿತು.

ಮನೆಯಲ್ಲಿ ಹೇಳುವುದು ಅದಕ್ಕಿಂತ ಕಷ್ಟ. ನಮ್ಮದು ಸಿರುಗುಪ್ಪ ಕಡೆಯ ಹಳ್ಳಿ. ನಮ್ಮ ಮಾವ ಒಬ್ಬರು ಕುಡಿದೇ ಹೊಲ ಕಳೆದುಕೊಂಡವರು. ಹಾಗಾಗಿ ಅವ್ವ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ: "ಬಾರ್‌ನಾಗ ಕೆಲಸಾನಾ? ಊಟ ಕೊಡೋದು ಬಿಟ್ಟು ಅದ್ಯಾಕ ಬೇಕಾಗಿತ್ತು?" ನಾನು ವಾದ ಮಾಡಲಿಲ್ಲ. ಸಂಬಳ, ಪಿಎಫ್, ಇಎಸ್‌ಐ ಇದೆ ಅಂತ ಹೇಳಿದೆ. ಇಎಸ್‌ಐ ಅಂದರೆ ಆಸ್ಪತ್ರೆ ಖರ್ಚು ಅಂತ ಅಪ್ಪನಿಗೆ ಗೊತ್ತಿತ್ತು. ಅವರು ಹ್ಞೂಂ ಅಂದರು. ಅವ್ವ ಮಾತ್ರ ಈಗಲೂ ಯಾರಾದರೂ ಕೇಳಿದರೆ "ಹೋಟೆಲ್‌ನಾಗ ಅದಾನ" ಅನ್ನುತ್ತಾಳೆ. ಇರಲಿ.

ಇನ್ನು ಕಾಗದ ಪತ್ರ. ಇಂಟರ್‌ವ್ಯೂ ಹತ್ತು ನಿಮಿಷದಲ್ಲಿ ಮುಗಿಯಿತು, ಕಾಗದ ಪತ್ರ ವಾರಗಟ್ಟಲೆ ಎಳೆಯಿತು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಎಲ್ಲರಿಗೂ ಗೊತ್ತಿರುವವೇ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳಿದರು. ನಮ್ಮ ಹೋಟೆಲಿನಲ್ಲಿ 21 ತುಂಬದವರನ್ನು ಬಾರ್‌ಗೆ ತೆಗೆದುಕೊಳ್ಳುವುದಿಲ್ಲ. ಇಲ್ಲೇ ನನ್ನದು ಸಿಕ್ಕಿಹಾಕಿಕೊಂಡಿತು. ಮಾರ್ಕ್ಸ್ ಕಾರ್ಡ್‌ನಲ್ಲಿ ನನ್ನ ಹೆಸರಿನ ಮುಂದೆ ಬರೀ ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಡೆ ಅರ್ಧ ಜನರದ್ದು ಹೀಗೇ ಇರುತ್ತದೆ, ಅಲ್ವಾ? ಪಿಎಫ್ ಖಾತೆ ಆಧಾರ್ ಹೆಸರಿನಲ್ಲೇ ಆಗಬೇಕು, ವಯಸ್ಸಿನ ದಾಖಲೆ ಮಾರ್ಕ್ಸ್ ಕಾರ್ಡ್. ಎರಡೂ ಹೆಸರು ಒಬ್ಬನದೇ ಅಂತ ತೋರಿಸಬೇಕಾಯಿತು. ಕೋರ್ಟ್ ಹತ್ತಿರ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿದೆ. ಐನೂರು ರೂಪಾಯಿ ಒಳಗೆ ಮುಗಿಯಿತು. ನಿಮ್ಮದೂ ಹೀಗಿದ್ದರೆ ಇಂಟರ್‌ವ್ಯೂಗೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಪೊಲೀಸ್ ವೆರಿಫಿಕೇಷನ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆ. ಆಮೇಲೆ ಫೋನ್ ಬರುವ ತನಕ ಕಾಯುವುದೇ ಕೆಲಸ. ಬಾಡಿಗೆ ರೂಮಿನಲ್ಲಿ ಇದ್ದೀರಿ ಅಂದರೆ ಬಾಡಿಗೆ ಕರಾರು ಪತ್ರದ ಪ್ರತಿ ಇಟ್ಟುಕೊಳ್ಳಿ, ಸ್ಟೇಷನ್‌ನಿಂದ ಕೇಳಿದರು.

ಮೆಡಿಕಲ್ ಸರ್ಟಿಫಿಕೇಟ್ ಇನ್ನೊಂದು. ತಿನ್ನುವ ಕುಡಿಯುವ ವಸ್ತು ಮುಟ್ಟುವವರೆಲ್ಲರಿಗೂ ಆಹಾರ ಸುರಕ್ಷತಾ ನಿಯಮದ ಪ್ರಕಾರ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು. ಟೈಫಾಯ್ಡ್ ಲಸಿಕೆಯೂ ಬೇಕು. ಒಂದು ಕ್ಲಿನಿಕ್‌ನಲ್ಲಿ ಲೆಟರ್‌ಹೆಡ್ ಮೇಲೆ 'ಫಿಟ್' ಅಂತ ಒಂದು ಸಾಲು ಬರೆದು ಕೊಟ್ಟರು. ಎಚ್‌ಆರ್‌ನವರು ಅದನ್ನು ವಾಪಸ್ ಮಾಡಿದರು. ಫುಡ್ ಹ್ಯಾಂಡ್ಲರ್‌ಗೆ ಅಂತಲೇ ಬೇರೆ ನಮೂನೆ ಇದೆ. ಅದನ್ನು ಹೋಟೆಲಿನಿಂದಲೇ ಪ್ರಿಂಟ್ ಹಾಕಿಸಿಕೊಂಡು ಕೈಯಲ್ಲಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಫೀಸು ಎರಡು ಸಲ ಕೊಡುವುದು ತಪ್ಪುತ್ತದೆ.

ಕೊನೆಗೂ ಸೇರಿದೆ. ಏಪ್ರಿಲ್ ಬಿಸಿಲು. ಬಳ್ಳಾರಿ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ, 40 ಡಿಗ್ರಿ ದಾಟಿದ ಮೇಲೆ ನಾವು ಎಣಿಸುವುದನ್ನೇ ಬಿಡುತ್ತೇವೆ. ಶುರುವಿನಲ್ಲಿ ಬಾಟಲಿ ಮುಟ್ಟಲು ಬಿಡಲಿಲ್ಲ. ಗ್ಲಾಸು ಒರೆಸು, ನಿಂಬೆಹಣ್ಣು ತೊಳೆ, ಪುದೀನ ಬಿಡಿಸು, ಐಸ್ ತುಂಬು. ಈ ತಯಾರಿಗೆ ಒಂದು ಫ್ರೆಂಚ್ ಹೆಸರಿದೆ, ಮೀಸ್ ಆನ್ ಪ್ಲಾಸ್. ಬಾರ್ ತೆರೆಯುವ ಮೊದಲು ಎಲ್ಲ ಸಾಮಾನು ಅದರದರ ಜಾಗದಲ್ಲಿ ಇರಬೇಕು, ಅಷ್ಟೇ. ಹೆಸರು ಕೇಳಿ ಹೆದರಬೇಡಿ. ನಮ್ಮಲ್ಲಿ ಎಲ್ಲರೂ ಸುಮ್ನೆ 'ಮೀಸ್' ಅನ್ನುತ್ತಾರೆ.

ಜೊತೆಗೆ ಒಂದು ಪ್ರಿಂಟ್ ಕೊಟ್ಟರು. ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಬಾರಿನ ಪದಗಳು. ಎ ಅಂದರೆ ಅಪೆರಿಟಿಫ್ (ಊಟಕ್ಕೆ ಮುಂಚೆ ಕುಡಿಯುವುದು), ಝೆಡ್ ಅಂದರೆ ಜೆಸ್ಟ್ (ನಿಂಬೆ, ಕಿತ್ತಳೆಯ ಹೊರಸಿಪ್ಪೆ). ರಾತ್ರಿ ರೂಮಿಗೆ ಬಂದು ಬಾಯಿಪಾಠ ಮಾಡಿದೆ. ತಲೆಯಲ್ಲಿ ಏನೂ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ, ಯಾಕೆಂದರೆ ಆ ಸಾಲಿನಲ್ಲಿ ಒಂದು ಪದಕ್ಕೂ ಮುಂದಿನ ಪದಕ್ಕೂ ಸಂಬಂಧವೇ ಇಲ್ಲ. ನಮ್ಮ ಸೀನಿಯರ್ ರಾಯಚೂರಿನವರು, ಗೋವಾದಲ್ಲಿ ಬಹಳ ಕಾಲ ದುಡಿದು ಬಂದವರು. ಆ ಹಾಳೆ ನೋಡಿ ಪಕ್ಕಕ್ಕೆ ಇಟ್ಟರು. "ಯಾವ ಪದ ಬಂದರೂ ಒಂದೇ ಪ್ರಶ್ನೆ ಕೇಳ್ಕೋ. ಇದರಲ್ಲಿ ಐಸ್ ಎಲ್ಲೈತಿ, ಎಷ್ಟು ನೀರಾಗ್ತೈತಿ?" ನಾನು ಈ ಬರಹದಲ್ಲಿ ಹೇಳಬೇಕಾದದ್ದೂ ಮುಖ್ಯವಾಗಿ ಇದೇ. ಪದಗಳನ್ನು ಐಸ್ ಹಿಡಿದುಕೊಂಡು ಕಲಿಯಿರಿ. ಮುಕ್ಕಾಲು ಪಾಲು ತಾನಾಗಿಯೇ ಬರುತ್ತದೆ.

ನೀಟ್ ಅಂದರೆ ಬಾಟಲಿಯಿಂದ ಗ್ಲಾಸಿಗೆ, ಐಸ್ ಇಲ್ಲ, ನೀರು ಇಲ್ಲ. ನಮ್ಮ ಕಡೆ ಇದಕ್ಕೇ 'ರಾ' ಅನ್ನುತ್ತಾರೆ. ಆನ್ ದ ರಾಕ್ಸ್ ಅಂದರೆ ಗ್ಲಾಸಿನಲ್ಲಿ ಐಸ್ ಇಟ್ಟು ಅದರ ಮೇಲೆ ಹುಯ್ಯುವುದು. ಗಿರಾಕಿ ಕುಡಿಯುತ್ತಾ ಹೋದ ಹಾಗೆ ಐಸ್ ಕರಗುತ್ತಾ ಹೋಗುತ್ತದೆ. ಅಪ್ ಅಥವಾ ಸ್ಟ್ರೈಟ್ ಅಪ್ ಬೇರೆ. ಅದರಲ್ಲಿ ಐಸ್ ಜೊತೆ ಕಲಸಿ ತಣ್ಣಗೆ ಮಾಡಿ, ಆಮೇಲೆ ಐಸ್ ಸೋಸಿ ತೆಗೆದು, ಕಾಂಡ ಇರುವ ಗ್ಲಾಸಿಗೆ ಹುಯ್ಯುತ್ತಾರೆ. ತಂಪೂ ಇದೆ, ಕರಗಿದ ನೀರೂ ಇದೆ, ಐಸ್ ತುಂಡು ಮಾತ್ರ ಕಾಣುವುದಿಲ್ಲ. ತೊಂದರೆ ಬರುವುದು ಬರೀ 'ಸ್ಟ್ರೈಟ್' ಅಂದಾಗ. ಕೆಲವರು ಅದನ್ನು ನೀಟ್ ಅನ್ನುವ ಅರ್ಥದಲ್ಲಿ ಹೇಳುತ್ತಾರೆ, ಕೆಲವರು ಅಪ್ ಅನ್ನುವ ಅರ್ಥದಲ್ಲಿ. ಊಹೆ ಮಾಡಲು ಹೋಗಬೇಡಿ. "ಸರ್, ತಣ್ಣಗೆ ಬೇಕಾ, ಹಾಗೇ ಬೇಕಾ?" ಅಂತ ಕೇಳಿಬಿಡಿ. ಯಾರೂ ಬೈಯುವುದಿಲ್ಲ.

ಇನ್ನು ಶೇಕ್ ಮತ್ತು ಸ್ಟರ್. ನಿಂಬೆರಸ, ಹಣ್ಣಿನ ರಸ, ಕ್ರೀಮು, ಮೊಟ್ಟೆ ಇದ್ದರೆ ಶೇಕ್. ಬರೀ ಮದ್ಯ ಮದ್ಯ ಸೇರುವಂಥದ್ದಾದರೆ ಐಸ್ ಜೊತೆ ಚಮಚದಲ್ಲಿ ತಿರುಗಿಸುವುದು, ಅದೇ ಸ್ಟರ್. ಶೇಕ್ ಮಾಡಿದರೆ ಗಾಳಿ ಸೇರಿ ಮಬ್ಬಾಗುತ್ತದೆ, ಸ್ಟರ್ ಮಾಡಿದರೆ ತಿಳಿಯಾಗಿಯೇ ಇರುತ್ತದೆ. ಎರಡರಲ್ಲೂ ನೀರು ಸೇರಲೇಬೇಕು. ಇದನ್ನು ಡೈಲ್ಯೂಷನ್ ಅನ್ನುತ್ತಾರೆ. ಗಟ್ಟಿ ಮೊಸರಿಗೆ ನೀರು ಬೆರೆತ ಮೇಲೇ ಮಜ್ಜಿಗೆ ಆಗುವ ಹಾಗೆ, ಕಾಕ್‌ಟೇಲ್‌ಗೂ ಆ ನೀರು ಒಂದು ಪದಾರ್ಥವೇ. ಸುಮಾರು ಕಾಲು ಭಾಗದಷ್ಟು ಸೇರುತ್ತದೆ. ಬಳ್ಳಾರಿಯಲ್ಲಿ ಇಲ್ಲೊಂದು ತಾಪತ್ರಯ ಇದೆ. ಬೇಸಿಗೆಯಲ್ಲಿ ಐಸ್ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇದ್ದರೂ ತುಂಡಿನ ಮೇಲೆ ನೀರು ಓಡುತ್ತಿರುತ್ತದೆ. ಅಂಥ ಒದ್ದೆ ಐಸ್ ಹಾಕಿ ಶೇಕ್ ಮಾಡಿದರೆ ತಣ್ಣಗಾಗುವ ಮೊದಲೇ ನೀರು ನೀರಾಗುತ್ತದೆ. ಸೀನಿಯರ್ ಹೇಳಿಕೊಟ್ಟ ಉಪಾಯ ಇಷ್ಟೇ: ತೂತಿನ ತಟ್ಟೆ ಇರುವ ಬಕೆಟ್ ಬಳಸು, ನೀರು ಕೆಳಗೆ ಇಳಿಯಲಿ, ಐಸ್ ಸ್ವಲ್ಪ ಸ್ವಲ್ಪವೇ ತಂದುಕೋ. ಬೆಂಗಳೂರಿನ ವಿಡಿಯೊ ನೋಡಿ ಹದಿನೈದು ಸೆಕೆಂಡ್ ಶೇಕ್ ಅಂತ ಎಣಿಸಬೇಡಿ. ಸ್ಟೀಲ್ ಶೇಕರ್ ಹೊರಗೆ ಮಂಜು ಹಿಡಿದು ಕೈ ಕೊರೆಯುವುದನ್ನು ನೋಡಿ ನಿಲ್ಲಿಸಿ.

ಡ್ರೈ ಶೇಕ್ ಅಂದರೆ ಐಸ್ ಹಾಕದೆ ಮೊದಲು ಅಲುಗಾಡಿಸುವುದು. ಮೊಟ್ಟೆಯ ಬಿಳಿ ಇದ್ದಾಗ ನೊರೆ ಬರಲಿ ಅಂತ. ಆಮೇಲೆ ಐಸ್ ಹಾಕಿ ಇನ್ನೊಮ್ಮೆ. ಮೊಟ್ಟೆ ಇದೆ ಅಂತ ಗಿರಾಕಿಗೆ ಮೊದಲೇ ಹೇಳಬೇಕು. ನಮ್ಮ ಕಡೆ ಮಾಂಸ ತಿನ್ನದವರು, ವಾರ ಮಾಡುವವರು ಜಾಸ್ತಿ. ಹೇಳದೆ ಕೊಟ್ಟರೆ ಅದು ದೊಡ್ಡ ಜಗಳವೇ ಆಗಬಹುದು. ಬಿಲ್ಡ್ ಅಂದರೆ ಶೇಕರ್ ಇಲ್ಲದೆ ನೇರವಾಗಿ ಗ್ಲಾಸಿನಲ್ಲೇ ಕಟ್ಟುವುದು. ಜಿನ್ ಟಾನಿಕ್, ರಮ್ ಕೋಲಾ ಎಲ್ಲ ಬಿಲ್ಡ್. ಈ ಥರ ಸೋಡಾನೋ ಟಾನಿಕ್ಕೋ ಜಾಸ್ತಿ ಇರುವ ಎತ್ತರ ಗ್ಲಾಸಿನ ಡ್ರಿಂಕ್‌ಗೆ ಹೈಬಾಲ್ ಅನ್ನುತ್ತಾರೆ. ಒಂದು ಮಾತು, ಸೋಡಾ ಹಾಕಿದ್ದನ್ನು ಯಾವತ್ತೂ ಶೇಕರ್‌ನಲ್ಲಿ ಮುಚ್ಚಿ ಅಲುಗಾಡಿಸಬೇಡಿ. ಮುಚ್ಚಳ ಹಾರಿ ಹೋಗುತ್ತದೆ.

ಶೇಕರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಮುಚ್ಚಳದಲ್ಲೇ ಜರಡಿ ಇರುವ ಮೂರು ಭಾಗದ್ದು ಕಾಬ್ಲರ್. ಎರಡು ಲೋಟ ಒಂದರೊಳಗೆ ಒಂದು ಕೂರುವುದು ಬಾಸ್ಟನ್. ಬಾಸ್ಟನ್‌ಗೆ ಬೇರೆ ಸ್ಟ್ರೈನರ್ ಬೇಕು. ಸ್ಪ್ರಿಂಗ್ ಸುತ್ತಿದ್ದಕ್ಕೆ ಹಾಥಾರ್ನ್ ಅಂತ ಹೆಸರು. ಪುದೀನ ಚೂರು, ಐಸ್ ಚೂರು ಬರಬಾರದು ಅಂದರೆ ಕೆಳಗೆ ಇನ್ನೊಂದು ಸಣ್ಣ ಜರಡಿ ಹಿಡಿಯುತ್ತಾರೆ. ಅದು ಡಬಲ್ ಸ್ಟ್ರೇನ್. ಅಭ್ಯಾಸಕ್ಕೆ ಅಂತ ನಾನು ಒಂದು ಬಾಸ್ಟನ್ ಶೇಕರ್, ಜಿಗ್ಗರ್, ಉದ್ದನೆ ಬಾರ್ ಸ್ಪೂನ್, ಸ್ಟ್ರೈನರ್ ಆನ್‌ಲೈನ್‌ನಲ್ಲಿ ತರಿಸಿದೆ. ಒಟ್ಟು ಸಾವಿರದ ಐನೂರರ ಒಳಗೆ. ಇದು ಕಡ್ಡಾಯ ಅಲ್ಲ, ಹೋಟೆಲಿನಲ್ಲಿ ಎಲ್ಲ ಇರುತ್ತದೆ. ಆದರೆ ರೂಮಿನಲ್ಲಿ ಕೈ ಪಳಗಿಸಲು ಬೇಕು. ಶೇಕರ್‌ನಲ್ಲಿ ಅಕ್ಕಿ ತುಂಬಿ ಅಲುಗಾಡಿಸಿ ಕಲಿತೆ. ನಮ್ಮೂರಿನ ಸೋನಾ ಮಸೂರಿ ಮನೆಯಿಂದಲೇ ಬಂದಿತ್ತು. ಪಕ್ಕದ ರೂಮಿನವರು ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ಬಡಿದದ್ದೂ ಉಂಟು.

ಅಳತೆಯ ಪದಗಳು ನಮಗೆ ಅರ್ಧ ಗೊತ್ತಿರುತ್ತವೆ. ಸ್ಮಾಲ್ ಪೆಗ್ 30 ಎಂಎಲ್, ಲಾರ್ಜ್ 60. ಜಿಗ್ಗರ್ ಅಂದರೆ ಎರಡೂ ತುದಿಯಲ್ಲಿ ಬಟ್ಟಲಿರುವ ಅಳತೆ. ವಿದೇಶದ ರೆಸಿಪಿಯಲ್ಲಿ ಔನ್ಸ್ ಅಂತ ಇರುತ್ತದೆ, ಅದನ್ನು 30 ಎಂಎಲ್ ಅಂತ ಹಿಡಿದರೆ ಸಾಕು. ಬಾರ್ ಸ್ಪೂನ್ ಸುಮಾರು 5 ಎಂಎಲ್. ಡ್ಯಾಶ್ ಅಂದರೆ ಕೆಲವೇ ಹನಿ. ಬಿಟರ್ಸ್ ಅನ್ನುವ ಕಹಿ ಸಾರಕ್ಕೆ ಈ ಅಳತೆ. ಸ್ಪ್ಲಾಶ್ ಅಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಕೈ ಅಂದಾಜು. ಟಾಪ್ ಅಪ್ ಅಂದರೆ ಗ್ಲಾಸು ತುಂಬುವಷ್ಟು ಸೋಡಾನೋ ಕೋಲಾನೋ. ಅಳತೆ ಇಲ್ಲದೆ ಎಣಿಸಿಕೊಂಡು ಹುಯ್ಯುವುದು ಫ್ರೀ ಪೌರ್. ನಮ್ಮ ಬಾರಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಮತ್ತೆ ಇರಬಾರದು ಅಂತ ನನ್ನ ಅಭಿಪ್ರಾಯ. 750 ಎಂಎಲ್ ಬಾಟಲಿಯಲ್ಲಿ 25 ಸ್ಮಾಲ್ ಪೆಗ್ ಬರಬೇಕು. ರಾತ್ರಿ ಲೆಕ್ಕದಲ್ಲಿ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ನಾವೇ.

ಬಾಟಲಿ ಲೇಬಲ್ ಓದಲು ಕಲಿಯಿರಿ. ನಮ್ಮ ವಿಸ್ಕಿ, ರಮ್ಮು, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8 ಅಂತ ಇರುತ್ತದೆ. ನೂರಕ್ಕೆ ಅಷ್ಟು ಪಾಲು ಆಲ್ಕೋಹಾಲ್. ಹಳೇ ಬ್ರಿಟಿಷ್ ಅಳತೆಯಲ್ಲಿ ಇದೇ 75 ಪ್ರೂಫ್. ಅಮೆರಿಕದ ಲೆಕ್ಕದಲ್ಲಿ ಪ್ರೂಫ್ ಅಂದರೆ ಶೇಕಡಾವಾರಿನ ಎರಡರಷ್ಟು. ಅಂದರೆ ಅದೇ ಬಾಟಲಿ ಅಲ್ಲಿ 85.6 ಪ್ರೂಫ್. ಟ್ರೈನಿಂಗ್ ಕೊನೆಗೆ ಹೋಟೆಲಿನವರು ಮಾಡುವ ಟೆಸ್ಟ್‌ನಲ್ಲಿ ಇದು ಬಂದೇ ಬರುತ್ತದೆ. ಇನ್ನೊಂದು ಲೆಕ್ಕ ಗಿರಾಕಿಗಳಿಗೆ ಹೇಳಲು ಬಹಳ ಉಪಯೋಗ ಬಿತ್ತು. "ಬೀರು ಅಲ್ವಾ, ಏನಾಗಲ್ಲ" ಅನ್ನುತ್ತಾರೆ. ಶೇಕಡಾ 8ರ ಸ್ಟ್ರಾಂಗ್ ಬೀರಿನ 650 ಎಂಎಲ್ ಬಾಟಲಿಯಲ್ಲಿ 52 ಎಂಎಲ್ ಆಲ್ಕೋಹಾಲ್. ಎರಡು ಲಾರ್ಜ್ ವಿಸ್ಕಿಯಲ್ಲಿ 51 ಎಂಎಲ್ ಚಿಲ್ಲರೆ. ಎರಡೂ ಒಂದೇ. ಲಾಂಗ್ ಐಲೆಂಡ್ ಐಸ್ಡ್ ಟೀ ಕೂಡ ಹೀಗೇ ಮೋಸ ಮಾಡುವ ಹೆಸರು. ಅದರಲ್ಲಿ ಟೀ ಇಲ್ಲವೇ ಇಲ್ಲ. ವೋಡ್ಕಾ, ಟಕೀಲಾ, ಬಿಳಿ ರಮ್, ಜಿನ್, ಕಿತ್ತಳೆ ಲಿಕ್ಯೂರ್ (ಸಿಹಿ ಮದ್ಯ), ಒಂದೊಂದೂ 15 ಎಂಎಲ್. ಒಟ್ಟು 75. ಮದುವೆ ಪಾರ್ಟಿಯಲ್ಲಿ ಹುಡುಗರು ಟೀ ಅಂದುಕೊಂಡು ಸರಸರ ಕೇಳುತ್ತಾರೆ. ಕೊಡುವ ಮೊದಲು ಒಂದು ಮಾತು ಹೇಳಿ.

ಜಿನ್, ವರ್ಮುತ್ ಸೇರಿಸಿ ಮಾಡುವ ಮಾರ್ಟಿನಿಯ ಸುತ್ತ ಒಂದು ಗುಂಪು ಪದಗಳಿವೆ. ಬಳ್ಳಾರಿಯಲ್ಲಿ ಕೇಳುವವರು ಅಪರೂಪ, ಟೆಸ್ಟ್‌ನಲ್ಲಿ ಮಾತ್ರ ತಪ್ಪುವುದಿಲ್ಲ. ಡ್ರೈ ಅಂದರೆ ವರ್ಮುತ್ ಕಡಿಮೆ, ವೆಟ್ ಅಂದರೆ ವರ್ಮುತ್ ಜಾಸ್ತಿ. ಡರ್ಟಿ ಅಂದರೆ ಆಲಿವ್ ಕಾಯಿಯ ಉಪ್ಪುನೀರು ಸೇರಿದ್ದು. ಪರ್ಫೆಕ್ಟ್ ಅಂದರೆ ಸಿಹಿ ವರ್ಮುತ್, ಡ್ರೈ ವರ್ಮುತ್ ಎರಡೂ ಸಮ. ವರ್ಮುತ್ ಅನ್ನುವುದು ಗಿಡಮೂಲಿಕೆ ಹಾಕಿದ, ಸ್ವಲ್ಪ ಸ್ಪಿರಿಟ್ ಸೇರಿಸಿದ ವೈನ್. ಬಾಟಲಿ ತೆರೆದ ಮೇಲೆ ಫ್ರಿಜ್‌ನಲ್ಲೇ ಇಡಬೇಕು, ಈ ಬಿಸಿಲಿಗೆ ಶೆಲ್ಫ್ ಮೇಲೆ ಇಟ್ಟರೆ ಬೇಗ ಕೆಡುತ್ತದೆ.

ಮಡ್ಲ್ ಅಂದರೆ ಗ್ಲಾಸಿನ ತಳದಲ್ಲಿ ಪುದೀನ, ನಿಂಬೆ ಒತ್ತುವುದು. ಚಟ್ನಿ ಅರೆದ ಹಾಗೆ ಅರೆಯಬೇಡಿ. ಪುದೀನ ಹರಿದು ಪುಡಿಯಾದರೆ ಕಹಿ ಬರುತ್ತದೆ. ರಿಮ್ ಅಂದರೆ ಗ್ಲಾಸಿನ ಅಂಚಿಗೆ ನಿಂಬೆ ಸವರಿ ಉಪ್ಪೋ ಸಕ್ಕರೆಯೋ ಹಚ್ಚುವುದು, ಮಾರ್ಗರಿಟಾ ಅನ್ನುವ ಟಕೀಲಾ ಕಾಕ್‌ಟೇಲ್‌ಗೆ ಉಪ್ಪು. ಗಾರ್ನಿಶ್, ಅಂದರೆ ಗ್ಲಾಸಿನ ಅಲಂಕಾರದಲ್ಲಿ, ವೆಡ್ಜ್ ಅಂದರೆ ಹೋಳು, ವೀಲ್ ಅಂದರೆ ದುಂಡನೆ ಬಿಲ್ಲೆ, ಟ್ವಿಸ್ಟ್ ಅಂದರೆ ಸಿಪ್ಪೆಯ ಪಟ್ಟಿ ತಿರುಚಿ ಅದರ ಎಣ್ಣೆ ಮೇಲೆ ಸಿಡಿಸುವುದು. ಸಿಂಪಲ್ ಸಿರಪ್ ಅಂದರೆ ಸಕ್ಕರೆ ನೀರು ಸಮಪಾಲು, ರಿಚ್ ಅಂದರೆ ಸಕ್ಕರೆ ಎರಡು ಪಾಲು. ಇಲ್ಲಿ ನಾನು ಖುಷಿಪಟ್ಟ ವಿಷಯ ಒಂದಿದೆ. ಬಳ್ಳಾರಿ ಕಡೆ ಅಂಜೂರ ಬೆಳೆಯುತ್ತಾರೆ. ಸೀನಿಯರ್ ಜೊತೆ ಸೇರಿ ಅಂಜೂರದ ಸಿರಪ್ ಮಾಡಿದೆವು. ನಿಂಬೆ, ಶುಂಠಿ, ಸೋಡಾ ಸೇರಿಸಿ ಮದ್ಯ ಇಲ್ಲದ ಡ್ರಿಂಕ್ ಆಯಿತು. ಹೀಗೆ ಮದ್ಯ ಇಲ್ಲದ್ದಕ್ಕೆ ವರ್ಜಿನ್ ಅಥವಾ ಮಾಕ್‌ಟೇಲ್ ಅನ್ನುತ್ತಾರೆ. ಮನೆಮಂದಿ ಜೊತೆ ಬರುವವರು ಇದನ್ನೇ ಜಾಸ್ತಿ ಕೇಳುತ್ತಾರೆ, ಹಾಗಾಗಿ ಮಾಕ್‌ಟೇಲ್ ಅಂತ ಹಗುರ ಮಾಡಬೇಡಿ.

ಕುಡಿಯದವನು ರುಚಿ ಹೇಗೆ ನೋಡುತ್ತಾನೆ? ಇದನ್ನು ನನಗೆ ಬಹಳ ಜನ ಕೇಳಿದ್ದಾರೆ. ಸ್ಟ್ರಾ ಅದ್ದಿ ಮೇಲಿನ ತುದಿ ಬೆರಳಿನಿಂದ ಮುಚ್ಚಿದರೆ ಒಂದೆರಡು ಹನಿ ಬರುತ್ತದೆ. ಅದನ್ನು ನಾಲಿಗೆ ಮೇಲೆ ಬಿಟ್ಟು ನೋಡಿ ಉಗಿಯುವುದು. ಆ ಸ್ಟ್ರಾ ಮತ್ತೆ ಅದ್ದುವಂತಿಲ್ಲ. ಹುಳಿ, ಸಿಹಿ, ನೀರು ಸರಿ ಇದೆಯಾ ಅಂತ ಗೊತ್ತಾಗಲು ಅಷ್ಟು ಸಾಕು. ಅದೂ ಬೇಡ ಅನ್ನುವವರು ಇಂಟರ್‌ವ್ಯೂನಲ್ಲೇ ಹೇಳಿಬಿಡಿ. ಶುರುವಿನ ದಿನಗಳಲ್ಲಿ ನನಗೆ ಮಾವನ ನೆನಪು ಬಂದು ಆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಆಮೇಲೆ ಅದು ಬರೀ ಸಾಮಾನು ಅನಿಸತೊಡಗಿತು.

ಹೋಟೆಲಿನೊಳಗಿನ ಪದಗಳನ್ನು ಆ ಪ್ರಿಂಟ್‌ನಲ್ಲಿ ಹಾಕಿರಲೇ ಇಲ್ಲ. ದಿನವೂ ಕಿವಿಗೆ ಬೀಳುವುದು ಅವೇ. ಬಿಒಟಿ ಅಂದರೆ ಬಾರ್ ಆರ್ಡರ್ ಚೀಟಿ, ಅದು ಇಲ್ಲದೆ ಒಂದು ಹನಿಯೂ ಹೊರಗೆ ಹೋಗುವಂತಿಲ್ಲ. ಹೌಸ್ ಪೌರ್ ಅಂದರೆ ಗಿರಾಕಿ ಬ್ರ್ಯಾಂಡ್ ಹೇಳದೆ ಬರೀ "ವೋಡ್ಕಾ" ಅಂದಾಗ ಕೊಡುವ ಬಾಟಲಿ. ಪಾರ್ ಸ್ಟಾಕ್ ಅಂದರೆ ಯಾವಾಗಲೂ ಇರಲೇಬೇಕಾದ ಕನಿಷ್ಠ ದಾಸ್ತಾನು. ಎಯ್ಟಿ ಸಿಕ್ಸ್ ಅಂತ ಕೂಗಿದರೆ ಆ ಐಟಂ ಮುಗಿಯಿತು ಅಂತ. ಚೇಸರ್ ಅಂದರೆ ಶಾಟ್ ಕುಡಿದ ಹಿಂದೆಯೇ ಕುಡಿಯುವುದು. ಮಿಕ್ಸರ್ ಅಂದರೆ ಮದ್ಯಕ್ಕೆ ಬೆರೆಸುವ ಸೋಡಾ, ಕೋಲಾ ಥರದ್ದು, ನಮ್ಮವರು ಹೇಳುವ 'ಮಿಕ್ಸಿಂಗ್'.

ಬರ್ನ್ ದ ಐಸ್ ಅನ್ನುವುದನ್ನು ಒಂದು ಮದುವೆ ರಾತ್ರಿ ಕಲಿತೆ. ಕೌಂಟರ್ ತುಂಬಾ ಜನ. ಯಾರದೋ ಕೈ ತಾಗಿ ಐಸ್ ಪೆಟ್ಟಿಗೆ ಪಕ್ಕದಲ್ಲೇ ಗ್ಲಾಸು ಒಡೆಯಿತು. ಐಸ್‌ನಲ್ಲಿ ಗಾಜಿನ ಚೂರು ಬಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಸೀನಿಯರ್ ಒಂದೇ ಮಾತು ಕೂಗಿದರು, "ಬರ್ನ್ ದ ಐಸ್." ಬಿಸಿನೀರು ಹುಯ್ದು ಪೂರ್ತಿ ಐಸ್ ಕರಗಿಸಿ, ಪೆಟ್ಟಿಗೆ ಒರೆಸಿ, ಹೊಸ ಐಸ್ ತುಂಬುವ ತನಕ ಒಂದು ಡ್ರಿಂಕ್ ಕೂಡ ಹೊರಗೆ ಹೋಗಲಿಲ್ಲ. ಮದುವೆ ಕಡೆಯವರು ಕೂಗಾಡಿದರು. ಸೀನಿಯರ್ ತಲೆ ಎತ್ತಲಿಲ್ಲ. ಇದೇ ಕಾರಣಕ್ಕೆ ಐಸ್‌ಗೆ ಯಾವತ್ತೂ ಗ್ಲಾಸು ಅದ್ದಬಾರದು, ಸ್ಕೂಪ್‌ನಲ್ಲೇ ತೆಗೆಯಬೇಕು. ಆ ರಾತ್ರಿ ನನಗೆ ಈ ಕೆಲಸದ ಮೇಲೆ ಮರ್ಯಾದೆ ಬಂತು.

ಟೆಸ್ಟ್ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಟೆಸ್ಟ್‌ನಲ್ಲಿ ಮಾಡಬೇಕಾದ ನೆಗ್ರೋನಿ ಕಾಕ್‌ಟೇಲ್‌ಗೆ ಕಂಪಾರಿ ಅನ್ನುವ ಕೆಂಪು ಬಣ್ಣದ ಕಹಿ ಮದ್ಯ ಬೇಕು. ನಮ್ಮ ಊರಿನಲ್ಲಿ ಕೇಳುವವರು ಕಡಿಮೆ, ಹಾಗಾಗಿ ತರಿಸುವುದೂ ಅಪರೂಪ. ಬಾಟಲಿ ಬರುವ ತನಕ ಕಾದೆವು. ಬಂದ ಮೇಲೆ ಗಣೇಶನ ವಿಸರ್ಜನೆ, ಆ ದಿನ ಮಾರಾಟ ಬಂದ್. ಡ್ರೈ ಡೇ ಅಂದರೆ ಇದೇ. ಅಕ್ಟೋಬರ್ 2, ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ, ಜಿಲ್ಲಾಡಳಿತ ಆದೇಶ ಹೊರಡಿಸಿದ ದಿನಗಳು. ಆ ದಿನ ಬಾರ್ ಮುಚ್ಚಿರುತ್ತದೆ, ನಮಗೆ ಮಾತ್ರ ರಜೆ ಇಲ್ಲ. ದಾಸ್ತಾನು ಎಣಿಸುವುದು, ಫ್ರಿಜ್ ತೊಳೆಯುವುದು. ಕಾಯುವ ಆ ದಿನಗಳಲ್ಲಿ ಮತ್ತೆ ಸ್ಟೂವರ್ಡ್ ಕೆಲಸಕ್ಕೇ ಹೋಗಿಬಿಡಲೇ ಅನಿಸಿತ್ತು.

ಟೆಸ್ಟ್ ದಿನ ಮೂರು ಡ್ರಿಂಕ್ ಮಾಡಲು ಹೇಳಿದರು. ಅಳತೆ ಐಬಿಎ ಪ್ರಕಾರ. ಐಬಿಎ ಅಂದರೆ 1951ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾದ ಬಾರ್‌ಟೆಂಡರ್‌ಗಳ ಅಂತರರಾಷ್ಟ್ರೀಯ ಸಂಘ. ನೆಗ್ರೋನಿ ಸುಲಭ: ಜಿನ್, ಕಂಪಾರಿ, ಸಿಹಿ ವರ್ಮುತ್ ಮೂರೂ 30. ಮೋಹಿಟೋ: ಬಿಳಿ ರಮ್ 45, ನಿಂಬೆರಸ 20, ಎರಡು ಟೀ ಚಮಚ ಸಕ್ಕರೆ, ಪುದೀನ, ಸೋಡಾ. ವಿಸ್ಕಿ ಸೋರ್: ವಿಸ್ಕಿ 45, ನಿಂಬೆರಸ 25, ಸಿರಪ್ 20, ಬೇಕಾದರೆ ಮೊಟ್ಟೆಯ ಬಿಳಿ. ರುಚಿಗಿಂತ ಜಾಸ್ತಿ ಅವರು ನೋಡಿದ್ದು ಕೈ ತೊಳೆದೆನಾ, ಗ್ಲಾಸಿನ ಬಾಯಿ ಮುಟ್ಟಿದೆನಾ, ಬಾಟಲಿ ಹಿಂದಿನ ಜಾಗಕ್ಕೆ ಇಟ್ಟೆನಾ ಅಂತ. ಆಮೇಲೆ ಪ್ರಶ್ನೆಗಳು. ಪ್ರೂಫ್ ಬಂತು, ಡ್ರೈ ಮಾರ್ಟಿನಿ ಬಂತು. ಕೊನೆಯ ಪ್ರಶ್ನೆ: "ಗಿರಾಕಿ ಜಾಸ್ತಿ ಕುಡಿದಿದ್ದಾರೆ, ಇನ್ನೊಂದು ಲಾರ್ಜ್ ಕೇಳ್ತಾರೆ, ಕೈಯಲ್ಲಿ ಕಾರಿನ ಕೀ ಇದೆ." ಹುಯ್ಯುವುದಿಲ್ಲ, ನೀರು ಮತ್ತು ಊಟ ಮುಂದಿಟ್ಟು ಮ್ಯಾನೇಜರ್‌ಗೆ ಹೇಳುತ್ತೇನೆ ಅಂದೆ. ಇದಕ್ಕೆ ಕಟ್ ಆಫ್ ಅನ್ನುತ್ತಾರೆ. ಗಾಡಿ ಓಡಿಸುವವರ ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದರೆ ಕೇಸು ಅನ್ನುವುದನ್ನೂ ಕೇಳಿದರು. 21 ಆಗದವರಿಗೆ ಕೊಡುವಂತಿಲ್ಲ, ಅನುಮಾನ ಬಂದರೆ ಗುರುತಿನ ಚೀಟಿ ಕೇಳಬೇಕು ಅನ್ನುವುದನ್ನೂ.

ಪಾಸಾದೆ ಅಂತ ಬಾಯಿಮಾತಲ್ಲಿ ಅವತ್ತೇ ಹೇಳಿದರು. ಲೆಟರ್ ಮಾತ್ರ ತಡವಾಯಿತು. ಟಿಪ್ಸ್ ಪಾಲು ಶುರುವಾಗುವುದು ಲೆಟರ್‌ನ ದಿನಾಂಕದಿಂದ, ಹಾಗಾಗಿ ನಾಚಿಕೆ ಬಿಟ್ಟು ಬೆನ್ನುಹತ್ತಿ ಕೇಳಿ. ಕೈಗೆ ಬಂದ ಮೇಲೆ ಹುದ್ದೆಯ ಹೆಸರು, ಸಂಬಳ, ಬ್ರೇಕೇಜ್ ಕಡಿತದ (ಗ್ಲಾಸು, ಬಾಟಲಿ ಒಡೆದರೆ ಸಂಬಳದಲ್ಲಿ ಹಿಡಿಯುವುದು) ಬಗ್ಗೆ ಏನು ಬರೆದಿದ್ದಾರೆ ಅಂತ ಓದಿಯೇ ಸಹಿ ಹಾಕಿ. ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಹೋಟೆಲ್ ಬದಲಾಯಿಸಿದರೂ ಅದೇ ನಂಬರ್. ಮೆಡಿಕಲ್ ಸರ್ಟಿಫಿಕೇಟ್ ಒಂದು ವರ್ಷಕ್ಕೆ ಮಾತ್ರ, ಅದರ ದಿನಾಂಕ ಫೋನಿನಲ್ಲಿ ಹಾಕಿಡಿ. ನನ್ನದು ಬರುವ ಏಪ್ರಿಲ್‌ಗೆ ಮುಗಿಯುತ್ತದೆ.